ಮೊದಲ ವರ್ಷದ ಫಿಸಿಕ್ಸ್: ಟ್ಯೂಷನ್, ಸೀನಿಯರ್, ಯೂಟ್ಯೂಬ್, ಎಐ – ನಿಮಗೆ ಯಾವುದು?

ಇಂಜಿನಿಯರಿಂಗ್ ಸೇರಿದ ಮೇಲೆ ಮೊದಲ ಐಎ (ಕಾಲೇಜೇ ನಡೆಸುವ ಇಂಟರ್ನಲ್ ಟೆಸ್ಟ್) ಮಾರ್ಕ್ಸ್ ಬಂದ ವಾರವೇ ಟ್ಯೂಷನ್ ಹುಡುಕಾಟ ಶುರುವಾಗುತ್ತದೆ. ಪಿಯುಸಿಯಲ್ಲಿ ಫಿಸಿಕ್ಸ್‌ಗೆ ತೊಂಬತ್ತರ ಮೇಲೆ ತೆಗೆದವರೂ ಇಲ್ಲಿ ಪಾಸಿನ ಗೆರೆ ಹತ್ತಿರ ಒದ್ದಾಡುತ್ತಾರೆ. ಮನೆಯವರಿಗೆ ಗಾಬರಿ, ಹುಡುಗನಿಗೆ ಅವಮಾನ. ಇಬ್ಬರೂ ಸೇರಿ ಕಾಲೇಜಿನ ಹತ್ತಿರದ ಯಾವುದೋ ಬೋರ್ಡ್ ನೋಡಿ ಫೋನ್ ಮಾಡುತ್ತಾರೆ. ಅದಕ್ಕೂ ಮುಂಚೆ ಸ್ವಲ್ಪ ನಿಲ್ಲಿ.

ಪಿಯುಸಿಯಲ್ಲಿ ಬೋರ್ಡ್ ಪರೀಕ್ಷೆ ಇದ್ದರೂ ಎಲ್ಲರ ಕಣ್ಣು ಸಿಇಟಿ ಮೇಲೆ. ಅಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ನೆಗೆಟಿವ್ ಮಾರ್ಕ್ಸ್ ಇಲ್ಲ. ಒಂದು ಪ್ರಶ್ನೆಗೆ 80 ಸೆಕೆಂಡ್. ಸೂತ್ರ ನೆನಪಿದ್ದರೆ, ಆಯ್ಕೆಗಳಲ್ಲಿ ಎರಡನ್ನು ತಳ್ಳಿಹಾಕಲು ಬಂದರೆ, ಕೆಲಸ ಮುಗೀತು. ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ಪರೀಕ್ಷೆಯಲ್ಲಿ ಹಾಗಲ್ಲ. ಒಂದು ಪೂರ್ತಿ ಪ್ರಶ್ನೆಗೆ 20 ಅಂಕ. ಡೆರಿವೇಶನ್ ಬರೆಯಬೇಕು, ಚಿತ್ರ ಹಾಕಬೇಕು, ಕೊನೆಗೆ ಒಂದು ನ್ಯೂಮೆರಿಕಲ್. ಹುಡುಗ ದಡ್ಡ ಆಗಿಲ್ಲ. ಅವನಿಗೆ ಅಭ್ಯಾಸ ಇರುವ ಕೆಲಸ ಬೇರೆ, ಇಲ್ಲಿ ಕೇಳುವ ಕೆಲಸ ಬೇರೆ.

ನಾನು ಇಲ್ಲಿ ಮುಖ್ಯವಾಗಿ ವಿಟಿಯು ಮೊದಲ ವರ್ಷದ ಫಿಸಿಕ್ಸ್ ಸೈಕಲ್‌ನವರನ್ನು (ಈ ಸೆಮಿಸ್ಟರ್‌ನಲ್ಲಿ ಫಿಸಿಕ್ಸ್ ಇರುವವರನ್ನು) ಇಟ್ಟುಕೊಂಡು ಬರೆಯುತ್ತಿದ್ದೇನೆ. ಬಿಎಸ್ಸಿಯವರಿಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ. ಹೊಂದದ ಕಡೆ ಹೇಳುತ್ತೇನೆ.

ಮೊದಲು ನಿಮ್ಮ ಐಎ ಪೇಪರ್ ತೆಗೆಯಿರಿ

ಯಾವ ಸಹಾಯ ಒಳ್ಳೆಯದು ಅಂತ ಕೇಳುವ ಮುಂಚೆ ಮಾರ್ಕ್ಸ್ ಎಲ್ಲಿ ಹೋಯಿತು ಅಂತ ನೋಡಬೇಕು. ಬ್ಲೂಬುಕ್ (ಐಎ ಉತ್ತರ ಬರೆದ ಪುಸ್ತಕ) ತೆರೆದು ಒಂದೊಂದೇ ಪ್ರಶ್ನೆಯ ಪಕ್ಕ ಕಾರಣ ಬರೆಯಿರಿ. ನಾನು ನೋಡಿದ ಮಟ್ಟಿಗೆ ಕಾರಣಗಳು ನಾಲ್ಕೈದೇ.

ಕೆಲವರಿಗೆ ಶುರುಮಾಡಲು ಆಗಿರುವುದಿಲ್ಲ. ವೇವ್ ಫಂಕ್ಷನ್ ಅಂದರೆ ಏನು ಅಂತಲೇ ತಲೆಗೆ ಹೋಗಿಲ್ಲ. ಇದು ಕಾನ್ಸೆಪ್ಟ್ ತೊಂದರೆ.

ಇನ್ನು ಕೆಲವರು ಚೆನ್ನಾಗಿ ಶುರುಮಾಡಿ ನಡುವೆ ನಿಂತಿರುತ್ತಾರೆ. ಪೆಟ್ಟಿಗೆಯೊಳಗಿನ ಕಣದ ಡೆರಿವೇಶನ್‌ನಲ್ಲಿ ನಾರ್ಮಲೈಸೇಶನ್ ತನಕ ಬಂದು, ಸೈನ್ ಸ್ಕ್ವೇರ್ ಇಂಟಿಗ್ರೇಟ್ ಮಾಡಲು ಗೊತ್ತಾಗದೆ ಬಿಟ್ಟಿರುತ್ತಾರೆ. ಇದು ಫಿಸಿಕ್ಸ್ ತೊಂದರೆಯೇ ಅಲ್ಲ, ಗಣಿತದ್ದು. ಇವರು ಫಿಸಿಕ್ಸ್ ಟ್ಯೂಷನ್‌ಗೆ ಹೋದರೆ ದುಡ್ಡು ತಪ್ಪಾದ ಜಾಗಕ್ಕೆ ಹೋಗುತ್ತದೆ. ಬಿಎಸ್ಸಿ ಮೊದಲ ಸೆಮಿಸ್ಟರ್‌ನ ಮೆಕಾನಿಕ್ಸ್‌ನಲ್ಲಿ ಸಿಕ್ಕಿಬೀಳುವವರೂ ಜಾಸ್ತಿ ಇದೇ ಗುಂಪಿನವರು. ವೆಕ್ಟರ್, ಡಿಫರೆನ್ಷಿಯಲ್ ಇಕ್ವೇಶನ್ ಗಟ್ಟಿ ಇಲ್ಲದೆ ಅಲ್ಲಿ ಮುಂದೆ ಹೋಗುವುದು ಕಷ್ಟ.

ಮೂರನೆಯದು ನ್ಯೂಮೆರಿಕಲ್‌ನಲ್ಲಿ ಜಾರುವುದು. ಆಪ್ಟಿಕಲ್ ಫೈಬರ್‌ನ ಒಂದು ಲೆಕ್ಕ ತಗೊಳ್ಳಿ. ಕೋರ್‌ನ ವಕ್ರೀಭವನ ಸೂಚ್ಯಂಕ 1.50, ಕ್ಲ್ಯಾಡಿಂಗ್‌ನದು 1.48. ನ್ಯೂಮೆರಿಕಲ್ ಅಪರ್ಚರ್ 0.244 ಬರುತ್ತದೆ. ಅಲ್ಲಿಂದ ಆಕ್ಸೆಪ್ಟೆನ್ಸ್ ಕೋನ ಸುಮಾರು 14.1 ಡಿಗ್ರಿ. ಕ್ಯಾಲ್ಕುಲೇಟರ್ ರೇಡಿಯನ್ ಮೋಡ್‌ನಲ್ಲಿದ್ದರೆ 0.246 ಅಂತ ತೋರಿಸುತ್ತದೆ, ಹುಡುಗ ಅದನ್ನೇ ಡಿಗ್ರಿ ಅಂತ ಬರೆದು ಬರುತ್ತಾನೆ. ಇದಕ್ಕೆ ಟ್ಯೂಷನ್ ಬೇಕಾ? ಇಪ್ಪತ್ತು ಲೆಕ್ಕ ಕೂತು ಮಾಡಿದರೆ ಸರಿಹೋಗುತ್ತದೆ.

ನಾಲ್ಕನೆಯದು ಭಾಷೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರಿಗೆ ವಿಷಯ ಗೊತ್ತಿರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಅಂತ ಗೊತ್ತಾಗಿರುವುದಿಲ್ಲ. ‘ಡಿಡ್ಯೂಸ್’, ‘ಇಲ್ಯುಸ್ಟ್ರೇಟ್’, ‘ಡಿಸ್ಕಸ್’ ಮೂರಕ್ಕೂ ಒಂದೇ ಥರ ಉತ್ತರ ಬರೆದು ಅರ್ಧದಷ್ಟು ಅಂಕ ಕಳೆದುಕೊಳ್ಳುತ್ತಾರೆ.

ಐದನೆಯದನ್ನು ಹೇಳಲು ಸಂಕೋಚ. ಓದೇ ಇಲ್ಲ. ಅದಕ್ಕೆ ಯಾವ ಮೇಷ್ಟ್ರೂ ಔಷಧಿ ಕೊಡಲ್ಲ.

ಪಾಸಿನ ಲೆಕ್ಕ

ವಿಟಿಯುದ 2022ರ ಸ್ಕೀಮ್ (ಸಿಲಬಸ್ ಮತ್ತು ಅಂಕಗಳ ನಿಯಮ) ಪ್ರಕಾರ ಇಂಟರ್ನಲ್ಸ್ 50, ಕೊನೆಯ ಪರೀಕ್ಷೆ 50. ಕೊನೆಯ ಪರೀಕ್ಷೆಯನ್ನು 100ಕ್ಕೆ ಬರೆಸಿ ಅರ್ಧಕ್ಕೆ ಇಳಿಸುತ್ತಾರೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬೇಕು, ಪರೀಕ್ಷೆಯಲ್ಲಿ ಕನಿಷ್ಠ 18 (ಅಂದರೆ 100ಕ್ಕೆ 35) ಬೇಕು. ಎರಡನ್ನೂ ಕೂಡಿಸಿದರೆ 38. ಆದರೆ ಒಟ್ಟು 40 ಬೇಕು! ಎರಡರಲ್ಲೂ ಗೆರೆ ಮುಟ್ಟಿದವರೂ ಫೇಲ್ ಆಗಬಹುದು ಅನ್ನೋದು ಬಹಳ ಜನಕ್ಕೆ ರಿಸಲ್ಟ್ ದಿನವೇ ಗೊತ್ತಾಗುವುದು. ನಿಮ್ಮದು ಬೇರೆ ಸ್ಕೀಮ್ ಆದರೆ ಅದರ ನಿಯಮ ನೋಡಿಕೊಳ್ಳಿ.

ಇದನ್ನು ಇಲ್ಲಿ ಹೇಳಲು ಕಾರಣ ಇದೆ. ಲ್ಯಾಬ್ ಅಂಕವೂ ಇಂಟರ್ನಲ್ಸ್ ಒಳಗೇ ಸೇರುತ್ತದೆ. ಹೊರಗಿನ ಯಾವ ಟ್ಯೂಷನ್ ಕೂಡ ನಿಮ್ಮ ಲ್ಯಾಬ್ ರೆಕಾರ್ಡ್, ವೈವಾ, ಅಸೈನ್‌ಮೆಂಟ್ ನೋಡುವುದಿಲ್ಲ. ಆ 50ರ ಅರ್ಧ ಜಗತ್ತು ಕಾಲೇಜಿನ ಒಳಗೇ ಇದೆ.

ಕಾಲೇಜಿನ ಮೇಷ್ಟ್ರು: ಬಿಟ್ಟಿ ಸಿಗುತ್ತದೆ, ಅದಕ್ಕೇ ಬೆಲೆ ಇಲ್ಲ

ನನ್ನನ್ನು ಕೇಳಿದರೆ ಮೊದಲ ಆಯ್ಕೆ ಇದೇ. ಐಎ ಪೇಪರ್ ತೆಗೆಯುವವರು ಅವರು, ತಿದ್ದುವವರು ಅವರು, ಲ್ಯಾಬ್‌ನಲ್ಲಿ ವೈವಾ ಕೇಳುವವರೂ ಅವರೇ. ಬಹುತೇಕ ಕಾಲೇಜುಗಳಲ್ಲಿ ಹಿಂದೆ ಬಿದ್ದವರಿಗೆ ರೆಮೆಡಿಯಲ್ ಕ್ಲಾಸ್ ಇರುತ್ತದೆ. ಮೆಂಟರ್ ಅಂತಲೋ ಪ್ರಾಕ್ಟರ್ ಅಂತಲೋ ಒಬ್ಬರು ನಿಮ್ಮ ಹೆಸರಿಗೆ ಇರುತ್ತಾರೆ. ಅವರ ಹತ್ತಿರ ಅಟೆಂಡೆನ್ಸ್ ಸಹಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಯಾರೂ ಹೋಗುವುದಿಲ್ಲ.

ಸ್ಟಾಫ್ ರೂಮಿಗೆ ಹೋಗಲು ಭಯ, ಅದು ನಿಜ. ಹೋದರೂ ಹೆಚ್ಚಿನವರು ಕೇಳುವ ರೀತಿ ಸರಿಯಿಲ್ಲ. ‘ಸರ್, ಸೆಕೆಂಡ್ ಮಾಡ್ಯೂಲ್ ಅರ್ಥ ಆಗಿಲ್ಲ’ ಅಂದರೆ ಅವರು ಏನು ಮಾಡಬೇಕು? ಎಷ್ಟೋ ಗಂಟೆಗಳ ಪಾಠ ನಿಂತ ಕಾಲಲ್ಲಿ ಮತ್ತೆ ಹೇಳುತ್ತಾರಾ? ‘ಕ್ಲಾಸ್‌ನಲ್ಲಿ ಗಮನ ಕೊಡಪ್ಪ’ ಅಂತ ಕಳಿಸುತ್ತಾರೆ. ಅದರ ಬದಲು ನೋಟ್ಸ್‌ನಲ್ಲಿ ನೀವೇ ಅರ್ಧ ಮಾಡಿದ ಡೆರಿವೇಶನ್ ಹಿಡಿದುಕೊಂಡು ಹೋಗಿ. ‘ಸರ್, ಇಲ್ಲಿಯ ತನಕ ಬಂತು, ಈ ಸಾಲಿನಿಂದ ಮುಂದಿನ ಸಾಲು ಹೇಗೆ ಬಂತು ಗೊತ್ತಾಗ್ತಿಲ್ಲ’ ಅನ್ನಿ. ಎರಡೇ ನಿಮಿಷದ ಕೆಲಸ. ಹೀಗೆ ಕೇಳಿದ ಹುಡುಗನ ಮುಖ ಮೇಷ್ಟ್ರಿಗೆ ನೆನಪಿರುತ್ತದೆ, ಮುಂದಿನ ಸಲ ಅವರೇ ಕರೆದು ಹೇಳುತ್ತಾರೆ.

ಇದರ ಕೊರತೆಯೂ ಇದೆ. ದೊಡ್ಡ ಸೆಕ್ಷನ್, ಒಬ್ಬರೇ ಮೇಷ್ಟ್ರು, ಮೇಲೆ ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡುವ ಸಂಸ್ಥೆ) ಫೈಲುಗಳ ಕೆಲಸ. ಕೆಲವರು ನಿಜಕ್ಕೂ ಗದರುತ್ತಾರೆ. ಹಾಗಿದ್ದರೆ ಅದೇ ವಿಭಾಗದ ಇನ್ನೊಬ್ಬರ ಹತ್ತಿರ ಹೋಗಬಹುದು, ಅದೇನೂ ಅಪರಾಧವಲ್ಲ.

ಟ್ಯೂಷನ್: ಬ್ಯಾಚ್ ಬೇರೆ, ಒಬ್ಬರಿಗೊಬ್ಬರು ಬೇರೆ

ಇವೆರಡನ್ನೂ ಟ್ಯೂಷನ್ ಅಂತಲೇ ಕರೆಯುತ್ತೇವೆ, ಆದರೆ ಸಿಗುವುದು ಒಂದೇ ಅಲ್ಲ.

ಬ್ಯಾಚ್ ಟ್ಯೂಷನ್ ಅಂದರೆ ಕಾಲೇಜಿನ ಕ್ಲಾಸೇ ಇನ್ನೊಮ್ಮೆ, ಸ್ವಲ್ಪ ಚಿಕ್ಕ ಕೋಣೆಯಲ್ಲಿ. ಪರೀಕ್ಷೆಗೆ ತಿಂಗಳಿದ್ದಾಗ ಕ್ರ್ಯಾಶ್ ಕೋರ್ಸ್, ‘ಪಾಸಿಂಗ್ ಪ್ಯಾಕೇಜ್’ ಅಂತ ಶುರುಮಾಡುತ್ತಾರೆ. ಪೇಪರಿನಲ್ಲಿ ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡು ಪ್ರಶ್ನೆ, ಒಂದು ಬರೆದರೆ ಸಾಕು. ಹಾಗಾಗಿ ಎರಡು ಮೂರು ಮಾಡ್ಯೂಲ್ ಉಜ್ಜಿಸಿ ದಡ ಸೇರಿಸುವುದು ಇವರ ಲೆಕ್ಕ. ಇದನ್ನು ನಾನು ಪೂರ್ತಿ ಬೈಯಲ್ಲ. ಹತ್ತೇ ದಿನ ಉಳಿದಿದ್ದರೆ, ಏನೂ ಓದಿಲ್ಲದಿದ್ದರೆ, ಇದು ಕೆಲಸಕ್ಕೆ ಬರುತ್ತದೆ. ಆದರೆ ಎರಡು ಮಾಡ್ಯೂಲ್ ಪೂರ್ತಿ ಸರಿ ಬರೆದರೆ 40, ಬೇಕಾದದ್ದು 35. ಒಂದು ಡೆರಿವೇಶನ್ ಮರೆತರೂ ಕೆಳಗೆ. ಮೂರು ಮಾಡ್ಯೂಲ್‌ಗಿಂತ ಕಡಿಮೆ ಓದಿ ಕೂರುವುದು ಜೂಜು.

ಒಬ್ಬರಿಗೊಬ್ಬರು ಕೂತು ಹೇಳಿಸಿಕೊಳ್ಳುವುದು ದುಬಾರಿ, ಆದರೆ ಸರಿಯಾದವರು ಸಿಕ್ಕರೆ ಇದರಷ್ಟು ಉಪಯೋಗ ಯಾವುದೂ ಇಲ್ಲ. ಸರಿಯಾದವರು ಯಾರು? ಎಂಎಸ್ಸಿ ಫಿಸಿಕ್ಸ್ ಮಾಡಿದವರಿಗೆ ವಿಷಯ ಆಳವಾಗಿ ಗೊತ್ತು, ಆದರೆ ಕಂಪ್ಯೂಟರ್ ಸೈನ್ಸ್ ಸ್ಟ್ರೀಮ್‌ಗೆ ಕ್ವಾಂಟಮ್ ಕಂಪ್ಯೂಟಿಂಗ್ ಅಂತ ಒಂದು ಮಾಡ್ಯೂಲೇ ಇದೆ ಅನ್ನೋದು ಕೆಲವರಿಗೆ ಹೊಸದಾಗಿರುತ್ತದೆ. ಇಂಜಿನಿಯರಿಂಗ್ ಮುಗಿಸಿದವರಿಗೆ ಪೇಪರ್ ಚೆನ್ನಾಗಿ ಗೊತ್ತು, ‘ಯಾಕೆ’ ಅಂತ ಎರಡು ಸಲ ಕೇಳಿದರೆ ನಿಂತುಬಿಡುತ್ತಾರೆ. ಕಾನ್ಸೆಪ್ಟ್ ತೊಂದರೆಯವರಿಗೆ ನಾನು ಎಂಎಸ್ಸಿಯವರನ್ನೇ ಹೇಳುತ್ತೇನೆ. ಸಿಲಬಸ್ ಕಾಗದ ಒಂದು ಕೈಗೆ ಕೊಟ್ಟರೆ ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ.

ಟ್ರಯಲ್ ಕ್ಲಾಸ್ ಕೇಳಿ ಪಡೆಯಿರಿ. ಅದರಲ್ಲಿ ಒಂದೇ ಒಂದು ವಿಷಯ ಗಮನಿಸಿ: ಪೆನ್ ಯಾರ ಕೈಯಲ್ಲಿತ್ತು? ಒಂದು ಗಂಟೆ ಪೂರ್ತಿ ಮೇಷ್ಟ್ರೇ ಬರೆದು, ನೀವು ತಲೆಯಾಡಿಸಿ ಬಂದಿದ್ದರೆ, ಎಷ್ಟೇ ಚೆನ್ನಾಗಿ ಅರ್ಥವಾಯಿತು ಅನಿಸಿದರೂ ಬೇಡ. ನಿಮ್ಮ ಕೈಗೆ ಪೆನ್ ಕೊಟ್ಟು, ನೀವು ತಪ್ಪು ಮಾಡುವ ತನಕ ಸುಮ್ಮನೆ ಕೂತು, ಆಮೇಲೆ ಬಾಯಿ ಬಿಟ್ಟವರಿದ್ದರೆ ಅವರನ್ನು ಬಿಡಬೇಡಿ. ನಿಮ್ಮ ಐಎ ಬ್ಲೂಬುಕ್ ತೋರಿಸು ಅಂತ ಅವರಾಗಿಯೇ ಕೇಳಿದರೆ ಇನ್ನೂ ಒಳ್ಳೆಯದು. ‘ಪಾಸ್ ಗ್ಯಾರಂಟಿ’ ಅನ್ನುವವರು, ಸೆಮಿಸ್ಟರ್ ಪೂರ್ತಿ ದುಡ್ಡು ಮೊದಲೇ ಕೇಳುವವರು, ಜೆರಾಕ್ಸ್ ನೋಟ್ಸ್ ಮಾರುವುದರಲ್ಲೇ ಆಸಕ್ತಿ ಇರುವವರು ಬೇಡ. ತಿಂಗಳ ಲೆಕ್ಕದಲ್ಲಿ ಕೊಡಿ, ಎರಡನೇ ಐಎ ನಂತರ ಮುಂದುವರಿಸುವುದೋ ಬೇಡವೋ ನೋಡಿ.

ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಮಾತು. ಮಾತಾಡುವುದು ಕನ್ನಡದಲ್ಲಿ, ಬರೆಸುವುದು ಇಂಗ್ಲಿಷ್‌ನಲ್ಲಿ, ಹೀಗೆ ಮಾಡುವವರನ್ನು ಹುಡುಕಿ. ಪೂರ್ತಿ ಇಂಗ್ಲಿಷ್ ಆದರೆ ವಿಷಯ ಒಳಗೆ ಇಳಿಯುವುದಿಲ್ಲ, ಪೂರ್ತಿ ಕನ್ನಡ ಆದರೆ ಪರೀಕ್ಷೆಯಲ್ಲಿ ವಾಕ್ಯ ಬರುವುದಿಲ್ಲ.

ಆನ್‌ಲೈನ್ ಟ್ಯೂಟರ್ ಇಲ್ಲಿ ಸಹಾಯಕ್ಕೆ ಬರುತ್ತಾರೆ. ಸಿರ್ಸಿಯಲ್ಲೋ ಕಲಬುರಗಿಯಲ್ಲೋ ಕೂತು ಮೈಸೂರಿನವರ ಹತ್ತಿರ ಹೇಳಿಸಿಕೊಳ್ಳಬಹುದು. ಒಂದೇ ಷರತ್ತು: ನಿಮ್ಮ ಹಾಳೆ ಅವರಿಗೆ ಕಾಣಬೇಕು. ಲ್ಯಾಪ್‌ಟಾಪ್‌ನಲ್ಲಿ ಮಾತು, ಫೋನ್ ಕ್ಯಾಮೆರಾ ನೋಟ್‌ಬುಕ್ ಮೇಲೆ. ಬರೀ ಅವರ ಸ್ಕ್ರೀನ್ ನೀವು ನೋಡುತ್ತಾ ಕೂರುವುದಾದರೆ ಅದು ದುಡ್ಡು ಕೊಟ್ಟು ನೋಡುವ ಯೂಟ್ಯೂಬ್.

ಹಾಸ್ಟೆಲ್ ಗುಂಪು ಮತ್ತು ಸೀನಿಯರ್

ಹಾರ್ವರ್ಡ್‌ನಲ್ಲಿ ಎರಿಕ್ ಮಝೂರ್ ಅನ್ನುವ ಪ್ರೊಫೆಸರ್ 1991ರಲ್ಲಿ ತಮ್ಮ ಫಿಸಿಕ್ಸ್ ಕ್ಲಾಸ್‌ನಲ್ಲಿ ಪಾಠ ನಿಲ್ಲಿಸಿ ಪ್ರಶ್ನೆ ಕೊಟ್ಟು, ಪಕ್ಕದವರ ಜೊತೆ ವಾದ ಮಾಡಿ ಅನ್ನಲು ಶುರುಮಾಡಿದರು. ಈಗಷ್ಟೇ ಅರ್ಥ ಮಾಡಿಕೊಂಡವನಿಗೆ ಎಲ್ಲಿ ಎಡವುತ್ತಾರೆ ಅನ್ನುವುದು ಇನ್ನೂ ನೆನಪಿರುತ್ತದೆ, ಪ್ರೊಫೆಸರಿಗೆ ಅದು ಮರೆತು ಎಷ್ಟೋ ಕಾಲ ಆಗಿರುತ್ತದೆ. ಇದು ಪಿಯರ್ ಇನ್‌ಸ್ಟ್ರಕ್ಷನ್ ಅಂತ ಜಗತ್ತಿನ ಬಹಳ ಕಡೆ ಹಬ್ಬಿತು. ಅಮೆರಿಕದಲ್ಲಿ ಓದುವ ನಮ್ಮ ಹುಡುಗರಿಗೆ ಇದರ ರೂಪಗಳು ಗೊತ್ತಿರುತ್ತವೆ. ಸೀನಿಯರ್‌ಗಳೇ ನಡೆಸುವ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಅಲ್ಲಿ 1973ರಲ್ಲಿ ಮಿಸ್ಸೌರಿ ವಿವಿಯ ಕ್ಯಾನ್ಸಸ್ ಸಿಟಿ ಕ್ಯಾಂಪಸ್‌ನಲ್ಲಿ ಶುರುವಾದದ್ದು. ಟಿಎಗಳ (ಪ್ರೊಫೆಸರಿಗೆ ಪಾಠದಲ್ಲಿ ನೆರವಾಗುವ ಹಿರಿಯ ವಿದ್ಯಾರ್ಥಿಗಳ) ಆಫೀಸ್ ಅವರ್ಸ್ ಬೇರೆ ಇರುತ್ತದೆ. ಅಲ್ಲಿರುವವರು ಊರಿನ ಟ್ಯೂಟರ್ ಹುಡುಕುವ ಮುಂಚೆ ಅದನ್ನು ಬಳಸಿ, ಫೀಸ್ ಒಳಗೇ ಬಂದಿರುತ್ತದೆ.

ಇಲ್ಲಿ ನಾವೇ ಮಾಡಿಕೊಳ್ಳಬೇಕು. ಮೂರು ನಾಲ್ಕು ಜನ ಸಾಕು, ಆರು ಜನ ಆದರೆ ಕ್ರಿಕೆಟ್ ಮಾತು ಶುರು. ಒಬ್ಬೊಬ್ಬರಿಗೆ ಒಂದೊಂದು ಡೆರಿವೇಶನ್, ಬೋರ್ಡ್ ಮುಂದೆ ನಿಂತು ನೋಡದೆ ಮಾಡಬೇಕು. ಜಾಸ್ತಿ ಲಾಭ ಹೇಳಿಕೊಡುವವನಿಗೇ. ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲದ್ದು ಬಂದರೆ ಊಹೆ ಮಾಡಿ ಮುಂದೆ ಹೋಗಬೇಡಿ, ಗುರುತು ಹಾಕಿ ಸ್ಟಾಫ್ ರೂಮಿಗೆ ಒಯ್ಯಿರಿ. ಸೀನಿಯರ್‌ಗಳನ್ನು ಲ್ಯಾಬ್ ವಿಷಯಕ್ಕೆ, ವೈವಾದಲ್ಲಿ ಯಾರು ಏನು ಕೇಳುತ್ತಾರೆ ಅನ್ನುವುದಕ್ಕೆ ಬಳಸಿ. ಅವರ ಹಳೇ ರೆಕಾರ್ಡ್ ಕಾಪಿ ಮಾಡಲು ಬೇಡ.

ವಿಡಿಯೊಗಳು

ವಿಟಿಯು ಡೆರಿವೇಶನ್‌ಗಳನ್ನು ಸಾಲು ಸಾಲಾಗಿ ಬಿಡಿಸುವ ಯೂಟ್ಯೂಬ್ ಚಾನೆಲ್‌ಗಳು ಬೇಕಾದಷ್ಟಿವೆ. ಕ್ಲಾಸ್ ತಪ್ಪಿಸಿಕೊಂಡವರಿಗೆ, ಬಸ್ಸಿನಲ್ಲಿ ಓಡಾಡುವವರಿಗೆ ಅನುಕೂಲ. ‘ಸೂಪರ್ ಇಂಪಾರ್ಟೆಂಟ್’ ಪಟ್ಟಿಗಳನ್ನು ನಂಬುವ ಮುಂಚೆ ಸ್ಕೀಮ್ ಮತ್ತು ಸ್ಟ್ರೀಮ್ ನೋಡಿ. ಸಿವಿಲ್‌ನವರ ಫಿಸಿಕ್ಸ್ ಬೇರೆ, ಕಂಪ್ಯೂಟರ್ ಸೈನ್ಸ್‌ನವರದು ಬೇರೆ. ನಿಮ್ಮದು ಅಟಾನಮಸ್ ಕಾಲೇಜಾದರೆ ಪೇಪರ್ ತೆಗೆಯುವುದು ನಿಮ್ಮ ಕಾಲೇಜೇ, ಆ ಪಟ್ಟಿಗಳಿಂದ ಪ್ರಯೋಜನ ಕಡಿಮೆ.

ವಿಡಿಯೊದ ದೊಡ್ಡ ಅಪಾಯ ಅದು ಚೆನ್ನಾಗಿರುವುದೇ. 2019ರಲ್ಲಿ ಹಾರ್ವರ್ಡ್‌ನ ಮೊದಲ ಹಂತದ ಫಿಸಿಕ್ಸ್ ತರಗತಿಗಳಲ್ಲೇ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಒಂದೇ ವಿಷಯವನ್ನು ಕೆಲವರಿಗೆ ನೀಟಾದ ಲೆಕ್ಚರ್ ಆಗಿ ಕೊಟ್ಟರು, ಕೆಲವರಿಗೆ ತಾವೇ ಒದ್ದಾಡಿ ಬಿಡಿಸುವಂತೆ ಕೊಟ್ಟರು. ಲೆಕ್ಚರ್ ಕೇಳಿದವರು ‘ಜಾಸ್ತಿ ಕಲಿತೆವು’ ಅಂದರು. ಟೆಸ್ಟ್‌ನಲ್ಲಿ ಜಾಸ್ತಿ ಅಂಕ ಬಂದದ್ದು ಒದ್ದಾಡಿದವರಿಗೆ. ಹಾಗಾಗಿ ವಿಡಿಯೊ ನೋಡಿ ‘ಅರ್ಥ ಆಯ್ತು’ ಅನಿಸಿದಾಗ ನಿಲ್ಲಿಸಿ, ಖಾಲಿ ಹಾಳೆಯಲ್ಲಿ ಅದನ್ನೇ ಬರೆದು ನೋಡಿ. ಎಷ್ಟನೇ ಸಾಲಿಗೆ ನಿಂತಿರಿ ಅನ್ನುವುದರಲ್ಲಿ ನಿಜ ಗೊತ್ತಾಗುತ್ತದೆ.

ಐಐಟಿಗಳು ಮತ್ತು ಐಐಎಸ್ಸಿ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್ ಪಾಠಗಳು ಉಚಿತ, ಗಟ್ಟಿ, ಉದ್ದ. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಬಿಎಸ್ಸಿಯವರಿಗೆ ಇದನ್ನು ಜೋರಾಗಿ ಹೇಳುತ್ತೇನೆ, ನಾಳಿದ್ದು ಐಎ ಇರುವವರಿಗೆ ಹೇಳಲ್ಲ. ಲ್ಯಾಬ್‌ಗೆ ಹೋಗುವ ಹಿಂದಿನ ರಾತ್ರಿ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ತಾಣದಲ್ಲಿ ಅದೇ ಪ್ರಯೋಗ ಇದೆಯಾ ನೋಡಿ, ನ್ಯೂಟನ್ಸ್ ರಿಂಗ್ಸ್ ಥರದ್ದು ಸಿಗುತ್ತದೆ. ಸುರತ್ಕಲ್‌ನ ಎನ್‌ಐಟಿಕೆ ಕೂಡ ಆ ಯೋಜನೆಯಲ್ಲಿದೆ. ಕೊಲೊರಾಡೊ ವಿವಿಯ ಫೆಟ್ ಸಿಮ್ಯುಲೇಶನ್‌ಗಳು ಕಾನ್ಸೆಪ್ಟ್‌ಗೆ ಒಳ್ಳೆಯದು, ಕೆಲವು ಕನ್ನಡದಲ್ಲೂ ಇವೆ. ಅದನ್ನು 2002ರಲ್ಲಿ ಶುರುಮಾಡಿದ ಕಾರ್ಲ್ ವೀಮನ್ ಹಿಂದಿನ ವರ್ಷವಷ್ಟೇ ಫಿಸಿಕ್ಸ್ ನೊಬೆಲ್ ಪಡೆದಿದ್ದರು.

ಎಐ ಚಾಟ್‌ಬಾಟ್

ಈಗ ಎಲ್ಲರೂ ಮೊದಲು ಕೇಳುವುದು ಇದನ್ನೇ. ರಾತ್ರಿ ಎರಡು ಗಂಟೆಗೂ ಗದರದೆ ಉತ್ತರ ಕೊಡುತ್ತದೆ, ಕನ್ನಡದಲ್ಲೂ ಕೇಳಬಹುದು.

2025ರಲ್ಲಿ ಎರಡು ಅಧ್ಯಯನ ಬಂದವು, ಎರಡೂ ಬೇರೆ ಬೇರೆ ಮಾತು ಹೇಳುವಂತೆ ಕಾಣುತ್ತವೆ. ಹಾರ್ವರ್ಡ್ ಫಿಸಿಕ್ಸ್ ಕೋರ್ಸ್‌ನಲ್ಲಿ ಎಐ ಟ್ಯೂಟರ್ ಜೊತೆ ಕಲಿತವರು ಒಳ್ಳೆಯ ತರಗತಿಯಲ್ಲಿ ಕೂತವರಿಗಿಂತ ಕಡಿಮೆ ಸಮಯದಲ್ಲಿ ಜಾಸ್ತಿ ಕಲಿತರು. ಟರ್ಕಿಯ ಹೈಸ್ಕೂಲ್ ಗಣಿತದಲ್ಲಿ, ಮಾಮೂಲಿ ಚಾಟ್‌ಬಾಟ್ ಬಳಸಿ ಅಭ್ಯಾಸ ಮಾಡಿದವರು ಅದಿಲ್ಲದೆ ಪರೀಕ್ಷೆ ಬರೆದಾಗ, ಮೊದಲಿಂದಲೂ ಅದನ್ನು ಬಳಸದವರಿಗಿಂತ ಶೇ. 17 ಕಡಿಮೆ ಅಂಕ ತೆಗೆದರು. ವ್ಯತ್ಯಾಸ ಎಲ್ಲಿದೆ ಗೊತ್ತಾ? ಹಾರ್ವರ್ಡ್‌ನವರು ಸರಿಯಾದ ಹೆಜ್ಜೆಗಳನ್ನು ಎಐಗೆ ಮೊದಲೇ ಕೊಟ್ಟಿದ್ದರು, ಉತ್ತರ ಒಮ್ಮೆಗೇ ಹೇಳಬೇಡ ಅಂತಲೂ ಕಟ್ಟಿಹಾಕಿದ್ದರು. ಟರ್ಕಿಯ ಮಕ್ಕಳು ಉತ್ತರ ಕೇಳಿದರು, ಸಿಕ್ಕಿತು. ಅಲ್ಲೇ ಸುಳಿವು ಮಾತ್ರ ಕೊಡುವ ಇನ್ನೊಂದು ಬಾಟ್ ಬಳಸಿದವರಿಗೆ ಆ ನಷ್ಟ ಬಹುತೇಕ ಆಗಲೇ ಇಲ್ಲ. ಇಲ್ಲೂ ಅದೇ ಪೆನ್ ಪ್ರಶ್ನೆ, ಅಲ್ವಾ?

ಬಳಸುವುದಾದರೆ ಹೀಗೆ ಮಾಡಿ. ನಿಮ್ಮ ಕೈಬರಹದ ಉತ್ತರದ ಫೋಟೊ ಹಾಕಿ, ‘ಮೊದಲ ತಪ್ಪು ಯಾವ ಸಾಲಿನಲ್ಲಿದೆ ಅಷ್ಟೇ ಹೇಳು, ಸರಿಮಾಡಬೇಡ’ ಅನ್ನಿ. ಅಂಕಿಗಳನ್ನು ಕುರುಡಾಗಿ ನಂಬಬೇಡಿ. 0.1 ನ್ಯಾನೋಮೀಟರ್ ಅಗಲದ ಪೆಟ್ಟಿಗೆಯಲ್ಲಿ ಎಲೆಕ್ಟ್ರಾನಿನ ಅತಿ ಕಡಿಮೆ ಶಕ್ತಿ ಸುಮಾರು 37.6 ಎಲೆಕ್ಟ್ರಾನ್ ವೋಲ್ಟ್. ಅಗಲ 1 ನ್ಯಾನೋಮೀಟರ್ ಆದರೆ 0.376. ಅಗಲ ಹತ್ತು ಪಟ್ಟು ಆದಾಗ ಶಕ್ತಿ ನೂರನೇ ಒಂದು ಭಾಗ ಆಗಬೇಕು ಅನ್ನುವುದು ನಿಮಗೆ ಗೊತ್ತಿದ್ದರೆ ಮಾತ್ರ ಬಾಟ್ ಎಡವಿದ್ದು ನಿಮ್ಮ ಕಣ್ಣಿಗೆ ಬೀಳುತ್ತದೆ. ಕಾನ್ಸೆಪ್ಟ್ ಏನೂ ಇಲ್ಲದವರಿಗೆ ನಾನು ಇದನ್ನು ಒಂಟಿಯಾಗಿ ಹೇಳದಿರುವುದು ಅದಕ್ಕೇ.

ಹಾಗಾದರೆ ಯಾರಿಗೆ ಯಾವುದು

ಗಣಿತದಲ್ಲಿ ನಿಲ್ಲುವವರು ಗಣಿತದ ಮೇಷ್ಟ್ರ ಹತ್ತಿರ ಹೋಗಿ, ಎರಡು ವಾರ ಇಂಟಿಗ್ರೇಶನ್ ಮಾಡಿ. ನ್ಯೂಮೆರಿಕಲ್‌ನಲ್ಲಿ ಜಾರುವವರಿಗೆ ಗುಂಪು ಮತ್ತು ಹಳೇ ಪೇಪರ್ ಸಾಕು, ದುಡ್ಡು ಖರ್ಚು ಮಾಡಬೇಡಿ. ಕಾನ್ಸೆಪ್ಟ್ ಇಲ್ಲದವರು ಮೊದಲು ಸ್ಟಾಫ್ ರೂಮ್, ಅದು ಆಗದಿದ್ದರೆ ಒಬ್ಬರಿಗೊಬ್ಬರು ಟ್ಯೂಷನ್. ವಾರಕ್ಕೆ ಒಂದೇ ಗಂಟೆ ಆದರೂ ಸರಿ, ಬ್ಯಾಚ್ ಬೇಡ. ಭಾಷೆ ತೊಂದರೆಯವರು ಕನ್ನಡ ಬಲ್ಲ ಟ್ಯೂಟರ್ ಅಥವಾ ಒಳ್ಳೆಯ ಸೀನಿಯರ್ ಹತ್ತಿರ ಉತ್ತರ ಬರೆದು ತಿದ್ದಿಸಿಕೊಳ್ಳಿ. ಓದದೇ ಇರುವವರು ಗುಂಪು ಸೇರಿ, ಜೊತೆಗೆ ಯಾರಾದರೂ ಕೂತರೆ ಓದು ತಾನಾಗಿ ಆಗುತ್ತದೆ.

ಇನ್ನು ಬ್ಯಾಕ್ ಉಳಿಸಿಕೊಂಡವರು, ಅಂದರೆ ಈ ವಿಷಯದಲ್ಲಿ ಫೇಲಾಗಿ ಮತ್ತೆ ಬರೆಯಬೇಕಾದವರು. ನಿಮಗೆ ಕ್ಲಾಸ್ ಇಲ್ಲ, ಜೊತೆಯವರು ಮುಂದಿನ ಸೆಮಿಸ್ಟರ್‌ನಲ್ಲಿದ್ದಾರೆ, ಗುಂಪು ಸಿಗುವುದು ಕಷ್ಟ. ಟ್ಯೂಷನ್‌ಗೆ ದುಡ್ಡು ಹಾಕುವುದಾದರೆ ನಿಮಗೇ ಅದು ಜಾಸ್ತಿ ಹೊಂದುತ್ತದೆ. ಆದರೆ ಮೊದಲು ಉತ್ತರ ಪತ್ರಿಕೆಯ ಫೋಟೊಕಾಪಿಗೆ ಅರ್ಜಿ ಹಾಕಿ. ರಿಸಲ್ಟ್ ಬಂದ ಮೇಲೆ ಅದಕ್ಕೆ ಸಿಗುವ ದಿನಗಳು ಕಡಿಮೆ, ಶುಲ್ಕವೂ ಇದೆ. ಮರುಮೌಲ್ಯಮಾಪನಕ್ಕೆ ಹಾಕುವುದೋ ಇಲ್ಲವೋ ಆಮೇಲೆ ನೋಡಿಕೊಳ್ಳಬಹುದು. ಆ ಕಾಪಿಯನ್ನು ಟ್ಯೂಟರ್ ಮುಂದೆ ಇಟ್ಟು ಮೊದಲ ಕ್ಲಾಸ್ ಪೂರ್ತಿ ಅದನ್ನೇ ಓದಿಸಿ.